ಬಾಗಿಲು ಹಾಕಿದ ಮೇಲಿನ ಕ್ಯಾಸೆಟ್

ಅವರ ರವಿಕೆಗಳೆಲ್ಲ ಬಲಭುಜದ ಮೇಲೇ ಮೊದಲು ಹರಿಯುತ್ತಿದ್ದವು. ಅದಕ್ಕೇ ಅಲ್ಲಿ ಕೌದಿ ಹೊಲಿದಂತೆ ಹಳೆಯ ಸೀರೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ದಪ್ಪಗೆ ಹೊಲಿದುಕೊಂಡಿರುತ್ತಿದ್ದರು. ಆ ಮೆತ್ತೆಯ ಮೇಲೆ ವಿಡಿಯೊ ಕ್ಯಾಮೆರಾ ಕೂರುತ್ತಿತ್ತು. ಆಗಿನ ಕ್ಯಾಮೆರಾ ಎಂದರೆ ಸಣ್ಣ ಸೂಟ್‌ಕೇಸಿನಷ್ಟು. ಇಡೀ ಕ್ಯಾಸೆಟ್ ಅದರ ಹೊಟ್ಟೆಯೊಳಗೆ ಹೋಗುತ್ತಿತ್ತು. ಹೊತ್ತು ಹೊತ್ತು ಅವರ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಕ್ಯಾಮೆರಾ ಇಲ್ಲದಾಗಲೂ ಎಡಗಣ್ಣನ್ನು ಅರ್ಧ ಮುಚ್ಚಿಯೇ ಮಾತಾಡುತ್ತಿದ್ದರು. ಇವರು ತಮ್ಮನ್ನು ನಂಬುತ್ತಿಲ್ಲ ಎಂದು ಹೊಸಬರು ತಿಳಿಯುತ್ತಿದ್ದರು. ಹಲವು ಸಲ ಅದು ನಿಜವೂ ಆಗಿರುತ್ತಿತ್ತು.

ಲಿಂಗಸುಗೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಗಂಡ ಫೋಟೊ ಸ್ಟುಡಿಯೊ ಇಟ್ಟಿದ್ದರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಆದ್ದರಿಂದ ಇವರು ವೈನಿ. ನಾನು ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಾನು ಕಲಿತ ತರಬೇತಿ ಹಾಸ್ಟೆಲಿನಲ್ಲಿ ಹಾಸಿಗೆಯ ಮಡಿಕೆ ನೇರವಿರದಿದ್ದರೆ ಬೆಳಗಿನ ಚಹಾ ಸಿಗುತ್ತಿರಲಿಲ್ಲ. ಆ ಶಿಸ್ತು ನನ್ನ ಮೈಗೆ ಹತ್ತಿತ್ತು. ಬೆಳಕು ಹರಿಯುವ ಮೊದಲೇ ಏಳುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಸೀಟಿ ಊದಿದ ಮೇಲೆ ಒಂದು ಜಡೆಯೂ ಅಲುಗದಂತೆ ಮಕ್ಕಳನ್ನು ನಿಲ್ಲಿಸುವುದು. ವೈನಿಗೆ ಇದೆಲ್ಲ ನಗೆಯ ಸಂಗತಿ. ಗೋಡೆಯ ಆಚೆಯಿಂದಲೇ ಕೂಗುತ್ತಿದ್ದರು, "ಅಕ್ಕೋರ, ನಿಮ್ಮ ಸೀಟಿ ಕೇಳಿ ನಮ್ಮ ಹಾಲು ಸುದ್ದಾ ಉಕ್ಕೋದು ಬಿಟ್ಟು ನೆಟ್ಟಗ ನಿಂತೈತಿ ನೋಡ್ರಿ."

ಕ್ಯಾಮೆರಾ ಅವರ ಹೆಗಲೇರಿದ್ದು ಮುದಗಲ್ಲಿನ ಒಂದು ನಿಕಾಹಿನಲ್ಲಿ. ಹೆಂಗಸರು ಕೂತ ಕಡೆಗೆ ಗಂಡಸನ್ನು ಬಿಡುವುದಿಲ್ಲ ಎಂದು ಮನೆಯವರು ಹೇಳಿದರು. ಅಣ್ಣ ಅಂಗಳದಲ್ಲೇ ಹೆಂಡತಿಯ ಭುಜದ ಮೇಲೆ ಕ್ಯಾಮೆರಾ ಇಟ್ಟು, "ಈ ಕೆಂಪು ದೀಪ ಹತ್ತಿದ್ರ ನಡದೈತಿ ಅಂತ ತಿಳಿ, ಅಷ್ಟ," ಎಂದು ಒಳಗೆ ಕಳಿಸಿದರು. ಒಳಗೆ ಆ ಮನೆಯ ಹಿರಿಯಾಕೆ ವೈನಿಯ ಕೈ ಹಿಡಿದು, ಈ ಕ್ಯಾಸೆಟ್ಟನ್ನು ಯಾವ ಗಂಡಸೂ ನೋಡಬಾರದು ಎಂದು ಮಾತು ತೆಗೆದುಕೊಂಡರು. ವೈನಿ ಕೊಟ್ಟರು. ಆಮೇಲೆ ಅವರ ಕಸುಬೆಲ್ಲ ಆ ಮಾತಿನ ಮೇಲೆಯೇ ನಡೆಯಿತು. ಮುದಗಲ್ಲಿನ ಮದುವೆಗಳು, ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸುಗಳಲ್ಲಿ ಅರಿಷಿಣ ಹಚ್ಚುವುದು, ಮಸ್ಕಿಯಲ್ಲಿ ಬಸುರಿಯರಿಗೆ ಕುಬಸ. ಹೆಂಗಸರೇ ಹೇಳಿಕಳಿಸುತ್ತಿದ್ದರು.

ಕುಬಸದಲ್ಲಿ ಆರತಿ, ಉಡಿ ತುಂಬುವುದು ಎಲ್ಲ ಮುಗಿದು ಗಂಡಸರು ಊಟಕ್ಕೆ ಹೋದ ಮೇಲೆ ಹೆಂಗಸರ ಹೊತ್ತು ಶುರುವಾಗುತ್ತದೆ. ವೈನಿ ಕೋಣೆಯ ನಡುವೆ ನಿಂತು ಹೇಳುತ್ತಿದ್ದರು, "ಬಾಗಲಾ ಹಾಕ್ರಿ. ಚಿಲಕಾ ಹಾಕ್ರಿ. ಹೂಂ, ಈಗ ನಗ್ರಿ." ಚಿಲಕ ಬಿದ್ದ ಸದ್ದಾಗುವವರೆಗೆ ಒಬ್ಬಳೂ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಹಾಡು, ಅಣಕ, ಗಂಡಂದಿರನ್ನು ಆಡಿಕೊಳ್ಳುವುದು. ಇದನ್ನು ತೆಗೆಸುತ್ತಿದ್ದುದು ಬೇರೆಯವರಿಗೆ ತೋರಿಸಲಿಕ್ಕಲ್ಲ. ಮುಂದೆ ಎಂದೋ ಒಂದು ಮಧ್ಯಾಹ್ನ ಅದೇ ಹೆಂಗಸರು ಕೂಡಿ, ಮತ್ತೆ ಚಿಲಕ ಹಾಕಿಕೊಂಡು, ತಮ್ಮನ್ನು ತಾವೇ ನೋಡಿ ಇನ್ನೊಮ್ಮೆ ನಗುತ್ತಿದ್ದರು. ವೈನಿ ಆ ಕ್ಯಾಸೆಟ್ಟುಗಳನ್ನು ಮನೆಯಲ್ಲೇ ಎರಡು ವಿಸಿಆರ್ ಇಟ್ಟುಕೊಂಡು ತಯಾರಿಸುತ್ತಿದ್ದರು. ಒಂದರಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಹಿಡಿಯುತ್ತದೆ, ಬೇಡವಾದಲ್ಲಿ ತಡೆಯುವುದು. ಆ ಹೊತ್ತು ಅಣ್ಣ ಸ್ಟುಡಿಯೊದಲ್ಲಿ ಕೂತಿರುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿಗೆ ವಿಡಿಯೊ ಕತ್ತರಿಸಿ ಜೋಡಿಸುವ ಮಿಕ್ಸಿಂಗ್ ಕಂಪ್ಯೂಟರ್ ಬಂತು. ಬಳಗಾನೂರಿನ ಕಡೆ ಕಾಲುವೆ ನೀರಿನ ಭತ್ತದಿಂದ ಮದುವೆಗಳು ದೊಡ್ಡವಾಗಿದ್ದವು. ಅಲ್ಲಿಯ ಯಾರದೋ ಮದುವೆಯ ಕ್ಯಾಸೆಟ್ಟಿನಲ್ಲಿ ಗಂಡು ಹೆಣ್ಣಿನ ಮುಖಗಳು ಗುಲಾಬಿ ಹೂವಿನೊಳಗಿಂದ ಅರಳಿ ಬಂದವು, ಹೆಸರುಗಳು ಹಾರಿ ಬಂದು ಕೂತವು. ಅದನ್ನು ನೋಡಿದವರೆಲ್ಲ ವೈನಿಯ ಹತ್ತಿರವೂ ಅದನ್ನೇ ಕೇಳತೊಡಗಿದರು.

ಹೂವು ಬೇಕೆಂದರೆ ಕ್ಯಾಸೆಟ್ಟನ್ನು ಸಿಂಧನೂರಿಗೆ ಒಯ್ಯಬೇಕು. ಅಂಗಡಿಯವನು ಅದನ್ನು ವಿಸಿಆರ್‌ಗೆ ಹಾಕಿ, ತಂತಿ ಜೋಡಿಸಿ, ಕಂಪ್ಯೂಟರಿಗೆ ಇಳಿಸುತ್ತಾನೆ. ಇಳಿಸುವಾಗ ಕ್ಯಾಸೆಟ್ಟನ್ನು ಜೋರಾಗಿ ಓಡಿಸಲು ಬರುವುದಿಲ್ಲ. ಸಮಾರಂಭ ಎಷ್ಟು ಹೊತ್ತು ನಡೆದಿತ್ತೋ ಇಳಿಯಲಿಕ್ಕೂ ಅಷ್ಟೇ ಹೊತ್ತು. ಕಂಪ್ಯೂಟರಿನಲ್ಲಿ ಜಾಗ ಸಾಲದು, ಆದ್ದರಿಂದ ಸ್ವಲ್ಪ ಇಳಿಸಿ, ಕತ್ತರಿಸಿ ಜೋಡಿಸಿ, ಬೇರೆ ಕ್ಯಾಸೆಟ್ಟಿಗೆ ಏರಿಸಿ, ಇದನ್ನು ಅಳಿಸಿ ಮುಂದಿನದಕ್ಕೆ ಕೈ ಹಾಕಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅಷ್ಟು ಹೊತ್ತೂ ಪಕ್ಕದ ಟಿ.ವಿ.ಯಲ್ಲಿ ಚಿತ್ರ ಓಡುತ್ತಿರುತ್ತದೆ. ಅಂದರೆ ಯಾರಾದರೊಬ್ಬರು ನೋಡುತ್ತ ಕೂರಲೇಬೇಕು.

ವೈನಿ ತಾವೇ ಬಸ್ ಹತ್ತಿ ಹೋಗಿ ಕೂರುತ್ತಿದ್ದರು. ಬೀದಿಯವರಿಗೆ ಕಾಣದಂತೆ ಟಿ.ವಿ. ಮೇಲೆ ಟವಲ್ ಹೊದಿಸಿ, ತುದಿ ಎತ್ತಿ ಇಣುಕುತ್ತಿದ್ದರು. ಒಂದೇ ಕ್ಯಾಸೆಟ್ಟಿನಲ್ಲಿ ಮೊದಲು ಆರತಿ, ಆಮೇಲೆ ಹೆಂಗಸರ ಹೊತ್ತು. ಬಾಗಿಲು ಮುಚ್ಚುವ ಚಿತ್ರ ಬಂದ ಕೂಡಲೇ ತಾವೇ ಬಟನ್ ಒತ್ತಿ ಕ್ಯಾಸೆಟ್ ಹೊರಗೆ ತೆಗೆಯುತ್ತಿದ್ದರು. ಮುಂದಿನದನ್ನು ಮನೆಯ ವಿಸಿಆರ್‌ಗಳಲ್ಲಿ ಜೋಡಿಸುವುದು.

ನನ್ನ ತಂಗಿಯನ್ನು ಮಸ್ಕಿಗೆ ಕೊಟ್ಟಿತ್ತು. ಅವಳ ಕುಬಸಕ್ಕೆ ವೈನಿಯೇ ಬಂದರು. ಚಿಲಕ ಬಿದ್ದ ಮೇಲೆ ಆ ಓಣಿಯ ಹೆಂಗಸರೆಲ್ಲ ನನ್ನ ಬೆನ್ನು ಹತ್ತಿದರು. "ಅಕ್ಕೋರು ಬರೇ ಸೀಟಿ ಊದಾಕ ಬಂದಾರೇನು?" ಎಂದಳೊಬ್ಬಳು. ಇನ್ನೊಬ್ಬಳು ತಂಗಿಯ ಗಂಡನ ಪ್ಯಾಂಟು ತಂದು ನನ್ನ ಮೇಲೆ ಎಸೆದಳು. ನಾನು ಅದನ್ನು ತೊಟ್ಟೆ. ಕಾಡಿಗೆಯಿಂದ ಮೀಸೆ ಬರೆಸಿಕೊಂಡೆ. ನಮ್ಮ ಹೆಡ್‌ಮಾಸ್ತರರು ಎರಡು ಹೆಜ್ಜೆಗೊಮ್ಮೆ ಪ್ಯಾಂಟು ಮೇಲೆಳೆದುಕೊಂಡು, ಗಡಿಯಾರ ನೋಡಿ, ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಅದನ್ನೇ ಮಾಡಿ ತೋರಿಸಿದೆ. ಕುಣಿಯಿರಿ ಎಂದರು, ಹೆಡ್‌ಮಾಸ್ತರರಾಗಿಯೇ ಕುಣಿದೆ. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿ ನಕ್ಕದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಹಿತವೆನಿಸಿತ್ತು. ಉಳಿದವರು ಏನು ಮಾಡಿದರೋ ಅದು ಅವರದು, ಇಲ್ಲಿ ಬರೆಯುವುದಿಲ್ಲ.

ಆ ವಾರವೇ ಅಣ್ಣನಿಗೆ ಎದೆ ಹಿಡಿದು ದವಾಖಾನೆಗೆ ಸೇರಿಸಬೇಕಾಯಿತು. ತಂಗಿಯ ಅತ್ತೆಮನೆಯವರು ಕ್ಯಾಸೆಟ್ಟಿಗೆ ಅವಸರ ಮಾಡುತ್ತಿದ್ದರು. ವೈನಿ ಅದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಸಿಂಧನೂರಿಗೆ ಕಳಿಸಿ, ಅಂಗಡಿಯವನಿಗೆ ಫೋನಿನಲ್ಲಿ ಹೇಳಿದರು, "ಬಾಗಲಾ ಹಾಕಿದ ಕೂಡ್ಲೆ ನಿಲ್ಲಸು. ಅದರ ಮುಂದ ಒಂದು ಚೂರೂ ಇಳಸಬ್ಯಾಡ."

ಅವನು ಇಳಿಸಲು ಹಚ್ಚಿ ಚಹಾಕ್ಕೆ ಹೋದ. ಮಾತಿಗೆ ಕೂತ. ಟಿ.ವಿ.ಯ ಮೇಲೆ ಟವಲ್ ಇರಲಿಲ್ಲ, ಅಂಗಡಿಯ ಬಾಗಿಲು ಬಜಾರಿಗೆ ತೆರೆದಿತ್ತು. ಸಂತೆಗೆ ಬಂದವರು ನಿಂತರು. ಅವರ ಹಿಂದೆ ಇನ್ನಷ್ಟು ಜನ. ಆ ಗುಂಪಿನಲ್ಲಿ ನಮ್ಮ ಶಾಲೆಯ ಗುಮಾಸ್ತರಿದ್ದರು. ಅವರ ಊರು ಸಿಂಧನೂರು.

ಸೋಮವಾರ ಪ್ರಾರ್ಥನೆ ಮುಗಿಸಿ ಸ್ಟಾಫ್ ರೂಮಿಗೆ ಬಂದೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. "ಮೇಡಂ, ಒಂದು ಮಾತು ಕೇಳಲೇನ್ರಿ?" ಎಂದರು. "ನಾ ಖರೇನ ಹಂಗ ಪ್ಯಾಂಟ್ ಎಳಕೋತ ನಡಿತೀನೇನ್ರಿ?"

ನನಗೆ ಮೊದಲು ತಿಳಿಯಲಿಲ್ಲ. ಮೂಲೆಯಲ್ಲಿ ಗುಮಾಸ್ತರು ಫೈಲಿನ ಮೇಲೆ ಬಾಗಿದ್ದರು, ಅವರ ಭುಜ ಕುಲುಕುತ್ತಿತ್ತು. ಆಗ ತಿಳಿಯಿತು. ಹೆಡ್‌ಮಾಸ್ತರರಿಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ಅಂದಿನಿಂದ ನಿವೃತ್ತರಾಗುವವರೆಗೆ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದರು. ದಿನವೂ ಮೈದಾನದ ಆಚೆಯಿಂದ ಆ ಕಟ್ಟಿದ ಕೈಗಳನ್ನು ನೋಡುತ್ತಿದ್ದೆ. ಸೀಟಿ ಬಾಯಿಗಿಟ್ಟರೆ ಉಸಿರು ಬರುತ್ತಿರಲಿಲ್ಲ.

ಅಂದು ಸಂಜೆ ವೈನಿಗೆ ಹೇಳಿದೆ. ಅವರು ದವಾಖಾನೆಯಿಂದ ಆಗಷ್ಟೇ ಬಂದು ಬುತ್ತಿಯ ಡಬ್ಬಿ ತೊಳೆಯುತ್ತಿದ್ದರು. ಡಬ್ಬಿ ಕೆಳಗಿಟ್ಟು ಅಲ್ಲೇ ಕೂತರು.

"ಎಷ್ಟು ಮಂದಿ ನೋಡ್ಯಾರ?"

"ನನಗೇನು ಗೊತ್ತು ವೈನಿ. ಬಜಾರದಾಗ ನಿಂತವರೆಲ್ಲ ನೋಡ್ಯಾರ."

ಗಂಡ ದವಾಖಾನೆಯಲ್ಲಿದ್ದರು, ತನಗೆ ಹೋಗಲಾಗಲಿಲ್ಲ ಎಂಬ ಮಾತನ್ನು ಅವರು ಆಗಲೂ ಆಡಲಿಲ್ಲ, ಆಮೇಲೂ ಆಡಲಿಲ್ಲ.

ಅಣ್ಣ ಮನೆಗೆ ಬಂದ ಮೇಲೆ ಒಂದು ರಜೆಯ ದಿನ ಇಬ್ಬರೂ ಸಿಂಧನೂರಿಗೆ ಹೋದೆವು. ಅಂಗಡಿಯವನು ಎದ್ದು ಕುರ್ಚಿ ಸರಿಸಿದ. "ನಿಲ್ಲಸೋದು ಮರತ್ನಿರೀ ಅಕ್ಕಾರ. ಬರೋದ್ರಾಗ ಮಂದಿ ಕೂಡಿಬಿಟ್ಟಿದ್ರು. ಕೆಟ್ಟದ್ದೇನೈತಿ ಅದರಾಗ, ಕುಣದಾರ ಅಷ್ಟ." ಆಮೇಲೆ ನನ್ನ ಮುಖ ನೋಡಿ ಗುರುತು ಹಿಡಿದ. "ಹೆಡ್‌ಮಾಸ್ತರು ಇವರ ಏನ್ರಿ?"

ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಹಾಗೆ ಎಂದೂ ಎಳೆದುಕೊಂಡವಳಲ್ಲ.

"ಕಂಪ್ಯೂಟರಿನಾಗಿಂದು ಅಳಸು," ಎಂದರು ವೈನಿ.

"ಇದೇನು ಪಾಟಿ ಐತೇನ್ರಿ, ಉಗುಳು ಹಚ್ಚಿ ಒರಸಾಕ? ಟೈಮ್ ಬೇಕ್ರಿ."

"ಪಾಟಿಗಿಂತ ಕಡಿಮಿ ಆತು ಹಂಗಾರ ನಿನ್ನ ಕಂಪ್ಯೂಟರ್. ಅಳಸು, ನಾ ಕುಂತೀನಿ."

ಅವನು ಅಳಿಸಿದ. ಅಳಿಸಿದ್ದನ್ನು ತೋರಿಸುವವರೆಗೆ ಅವರು ಏಳಲಿಲ್ಲ. ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಲಿಂಗಸುಗೂರಿಗೆ ಟಿಕೆಟ್ ತೆಗೆಸುತ್ತಾರೆ ಎಂದುಕೊಂಡೆ. ಮಸ್ಕಿಗೆ ತೆಗೆಸಿದರು. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬಳಿಗೂ ತಾವೇ ಹೇಳಬೇಕು ಎಂದರು.

ನಾನು ಬಸ್ಸಿನಲ್ಲಿ ವಾದ ಮಾಡಿದೆ. "ಹೇಳಕೋತ ಹೊಂಟ್ರ ಗೊತ್ತಿಲ್ಲದವರಿಗೂ ಗೊತ್ತಾಗ್ತೈತಿ ವೈನಿ. ಸುಮ್ಮನಿದ್ರ ನಾಕು ದಿನಕ್ಕ ಮಂದಿ ಮರೀತಾರ."

"ಇನ್ನೊಬ್ಬರ ಬಾಯಿಲೆ ಕೇಳಿದ್ರಂದ್ರ, ಅಕ್ಕೋರ, ಆ ಹೆಂಗಸರು ಮುಂದ ಯಾವ ಚಿಲಕಾ ಹಾಕಿದ್ರೂ ನಗಂಗಿಲ್ಲ. ನಾ ಹೇಳಿದ್ರ ನನ್ನೊಬ್ಬಾಕಿನ್ನಷ್ಟ ಬಿಡ್ತಾರ. ಬಿಡ್ಲಿ. ನಗೋದು ಬಿಡಬಾರದು."

ಮೊದಲ ಮನೆಯಾಕೆ ಪೂರ್ತಿ ಕೇಳಿ ಕದ ಹಾಕಿಕೊಂಡಳು. ಎರಡನೆಯ ಮನೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಸೊಸೆ ಅಕ್ಕಿ ಆರಿಸುತ್ತಿದ್ದಳು. "ನಮ್ಮ ಮನಿಯವರು ನೋಡ್ಯಾರೇನ್ರಿ?" ಎಂದು ಕೇಳಿದಳು. ಗೊತ್ತಿಲ್ಲವ್ವ ಎಂದರು ವೈನಿ. ಅವಳ ಕೈ ಮೊರದಲ್ಲೇ ನಿಂತಿತು. "ಹಂಗಾರ ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ." ಮುಂದಿನ ಮನೆಯ ಮುದುಕಿ ಮಾತ್ರ ನಕ್ಕಳು. "ನನ್ನ ನೋಡಿ ಆ ಮೂಳರಿಗೆ ಏನು ಸಿಕ್ತಂತ? ಬಾಯಾಗ ಹಲ್ಲಿಲ್ಲ." ನಕ್ಕವಳೇ ಎದೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು.

ಪ್ರತಿ ಮನೆಯಲ್ಲೂ ವೈನಿಯದು ಒಂದೇ ಮಾತು. "ನಿಮ್ಮನ್ನ ಗಂಡಸರು ನೋಡ್ಯಾರ. ತಪ್ಪು ನಂದು." ನಾನು ಅವರ ಹಿಂದೆ ನಿಂತು ನನ್ನ ಚಪ್ಪಲಿ ನೋಡುತ್ತಿದ್ದೆ. ಸಿಂಧನೂರಿನಲ್ಲಿ ನೋಡಿ ನಕ್ಕವರು ತಮ್ಮ ತಮ್ಮ ಮನೆಗಳಲ್ಲಿ ಆರಾಮವಾಗಿ ಉಣ್ಣುತ್ತಿದ್ದ ಹೊತ್ತಿನಲ್ಲಿ ನಾವಿಬ್ಬರು ತಲೆ ತಗ್ಗಿಸಿಕೊಂಡು ಓಣಿ ತಿರುಗಿದೆವು.

ಆಮೇಲೆ ಅವರು ಮುದಗಲ್ಲಿಗೂ ಹೋಗಿ ಹೇಳಿದರು. ಅಲ್ಲಿಯವರ ಕ್ಯಾಸೆಟ್ಟನ್ನು ಯಾರೂ ನೋಡಿರಲಿಲ್ಲ. ಆದರೂ ಹೇಳಿದರು. ಅಲ್ಲಿಂದ ಕರೆಯುವುದು ನಿಂತಿತು. ಕಂಪ್ಯೂಟರಿಗೆ ಕ್ಯಾಸೆಟ್ ಇಳಿಸುವುದನ್ನು ಅವರು ಅಲ್ಲಿಗೇ ಬಿಟ್ಟರು. ಹೂವು, ಹಾರುವ ಹೆಸರು ಕೇಳಿಕೊಂಡು ಬಂದವರಿಗೆ, "ಅದು ನನ್ನ ಹತ್ರ ಇಲ್ಲ. ಬಾಗಲಾ ಹಾಕೋದು ಐತಿ," ಎನ್ನುತ್ತಿದ್ದರು. ಬಹಳ ಜನ ಸಿಂಧನೂರಿಗೇ ಹೋದರು.

ವೈನಿ ತೀರಿಕೊಂಡು ವರ್ಷಗಳಾದವು. ಎದೆನೋವಿನ ಅಣ್ಣನಿಗಿಂತ ಮೊದಲೇ ಹೋದರು. ಅವರ ಬಗ್ಗೆ ಬರೆಯಬೇಕು ಎನಿಸಿದಾಗ ನಾನು ಮೊದಲು ಮಸ್ಕಿಗೆ ಹೋದೆ. ಆ ಕೋಣೆಯಲ್ಲಿದ್ದು ಈಗಲೂ ಇರುವವರ ಮನೆಗಳಿಗೆ ಒಂದೊಂದಾಗಿ ಹೋಗಿ, ಬರೆಯಲೇ ಎಂದು ಕೇಳಿದೆ. ಕದ ಹಾಕಿಕೊಂಡಿದ್ದಾಕೆ ಈಗ ಅಜ್ಜಿ. "ಬರೀರಿ," ಎಂದಳು. "ಆದ್ರ ಆ ಎರಡನೇ ಕುಬಸದಾಗ ಒಳಗ ಏನಾತು ಅನ್ನೋದು ಬ್ಯಾಡ."

ಆ ಎರಡನೆಯ ಕುಬಸ ನಡೆದದ್ದು ಮರುವರ್ಷ, ಅದೇ ಓಣಿಯಲ್ಲಿ. ಬಸುರಿ ಅಂದು ಅಕ್ಕಿ ಆರಿಸುತ್ತಿದ್ದ ಸೊಸೆ. ಮನೆತನಕ ಬಂದು ಹೇಳಿದವರು ಅವರೊಬ್ಬರೇ ಎಂದು ಅವಳೇ ಹಟ ಹಿಡಿದು ವೈನಿಯನ್ನು ಕರೆಸಿದ್ದಳು. ತಂಗಿಯ ಜೊತೆ ನಾನೂ ಹೋಗಿದ್ದೆ, ಬಾಗಿಲ ಪಕ್ಕದ ಮೂಲೆ ಹಿಡಿದು ಕೂತಿದ್ದೆ. ಆರತಿ ಮುಗಿಯಿತು, ಗಂಡಸರು ಹೊರಗೆ ಹೋದರು, ಚಿಲಕ ಬಿತ್ತು. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಕ್ಯಾಮೆರಾದ ಕೆಂಪು ದೀಪದ ಮೇಲೆ, ಎಲ್ಲರ ಸೆರಗೂ ತಲೆಯ ಮೇಲೆ. ಬಸುರಿ ನೆಲ ನೋಡುತ್ತಿದ್ದಳು. ವೈನಿ ಆ ಕೆಂಪು ದೀಪ ಆರಿಸಿ, ಚಿಲಕ ತೆಗೆದು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಣ್ಣನ ತೊಡೆಯ ಮೇಲೆ ಕ್ಯಾಮೆರಾ ಇಟ್ಟು, ಬರಿಗೈಯಲ್ಲಿ ಒಳಗೆ ಬಂದು ಮತ್ತೆ ಚಿಲಕ ಹಾಕಿದರು. ಕೋಣೆಯ ನಡುವೆ ಬಂದು ನಿಂತು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂದಿನದನ್ನು ನಾನು ಬರೆಯುವುದಿಲ್ಲ. ಹೊರಗೆ ಕೇಳಿಸಿದ್ದನ್ನಷ್ಟೇ ಹೇಳಬಹುದು. ಅದನ್ನು ಅಣ್ಣ ಹೇಳಿದ್ದರು. ಮೊದಲು ಏನೂ ಇರಲಿಲ್ಲವಂತೆ. ಆಮೇಲೆ ಒಬ್ಬಳ ನಗು, ಆಮೇಲೆ ಇಬ್ಬರದು, ಆಮೇಲೆ ಮನೆಯ ತೊಲೆ ಅದುರುವಂತೆ ಎಲ್ಲರದೂ. ಆ ನಗುವಿನಲ್ಲಿ ನನ್ನ ದನಿಯೂ ಇತ್ತು. ಒಂದು ವರ್ಷದಿಂದ ನಾನು ನಕ್ಕಿರಲಿಲ್ಲ. ಕಟ್ಟೆಯ ಮೇಲಿದ್ದ ಗಂಡಸರು ಮಾತು ನಿಲ್ಲಿಸಿ ಮುಚ್ಚಿದ ಕದದ ಕಡೆ ನೋಡಿದರಂತೆ. "ಏನು ನಡದೈತ್ರಿ ಒಳಗ?" ಎಂದು ಒಬ್ಬ ಕೇಳಿದನಂತೆ.

"ನನಗೇನು ಗೊತ್ತಪಾ," ಎಂದರಂತೆ ಅಣ್ಣ. "ನಾನೂ ನಿನ್ನಂಗ ಹೊರಗ ಕುಂತೀನಿ."