ಕಡಲ ನೀರು ತಾಗಿದ ಚೂರಿ

ನನ್ನ ಪ್ಯಾಂಟುಗಳ ಬಲಗಿಸೆ ಎಡಗಿಸೆಗಿಂತ ಬಹಳ ಮೊದಲೇ ಸಾಯುತ್ತಿತ್ತು. ಬಟ್ಟೆಯ ಹೊಸತನ ಮಾಸುವ ಮುನ್ನವೇ ಕಿಸೆಯ ತಳ ಸವೆದು, ಮೊದಲು ಸೂಜಿ ತೂರುವಷ್ಟು, ಆಮೇಲೆ ಹೆಬ್ಬೆರಳು ತೂರುವಷ್ಟು ತೂತು ಬಿದ್ದು, ಒಂದು ದಿನ ಅರಬರ ನಾಡಿನ ದಮ್ಮಾಮಿನ ನಡುಬೀದಿಯಲ್ಲಿ ಭಾರವಾದದ್ದೇನೋ ತೊಡೆಯುದ್ದಕ್ಕೂ ಜಾರಿ ಪಾದದ ಮೇಲೆ ಬೀಳುತ್ತಿತ್ತು. ಹೆಂಡತಿ ನಫೀಸಾ ಒಳಗಿನಿಂದ ಕ್ಯಾನ್‌ವಾಸಿನ ತೇಪೆ ಹಾಕಿ ಹೊಲಿದುಕೊಡುವಳು. "ಗಂಡಸರು ಕಿಸೆಯಲ್ಲಿ ಬಾಚಣಿಗೆ ಇಟ್ಕೊಳ್ತಾರೆ, ಕರವಸ್ತ್ರ ಇಟ್ಕೊಳ್ತಾರೆ. ನಿಮ್ಮದೊಂದು ಕಬ್ಬಿಣದ ಅಂಗಡಿ," ಎಂದು ಗೊಣಗುವಳು. ಅವಳ ಗೊಣಗಾಟದಲ್ಲಿ ನ್ಯಾಯವಿತ್ತು. ನನ್ನ ಬಲಗಿಸೆಯಲ್ಲಿ ಹಗಲೆಲ್ಲ ಒಂದು ದೊಡ್ಡ ಮಡಚು ಚೂರಿ ಇರುತ್ತಿತ್ತು.

ಅದನ್ನು ಸ್ಟಾಕ್‌ಮನ್ ಎನ್ನುತ್ತಾರೆ. ಅಮೆರಿಕದ ದನಗಾಹಿಗಳಿಗೆಂದೇ ಹುಟ್ಟಿದ ಚೂರಿ. ಮಡಚಿದರೆ ಅಂಗೈಗೆ ಅಳತೆ ಕೊಟ್ಟು ಮಾಡಿಸಿದಂತೆ ತುಸು ಬಾಗಿದ ಮೈ; ಬಿಡಿಸಿದರೆ ಮೂರು ಅಲಗು. ಒಂದು ಉದ್ದನೆಯದು, ಮೊನಚು ತುದಿಯದು, ಎಲ್ಲ ಕೆಲಸಕ್ಕೂ ಬರುವಂಥದ್ದು. ಇನ್ನೊಂದು ಕುರಿಯ ಗೊರಸಿನ ಆಕಾರದ್ದು, ನೇರ ಬಾಯಿಯದು. ಅದಕ್ಕೆ ಮೊನೆಯೇ ಇಲ್ಲ, ಹಾಗಾಗಿ ಹೆದರಿ ಒದ್ದಾಡುವ ದನದ ಮೈಗೆ ಅಂಟಿಕೊಂಡ ಹಗ್ಗವನ್ನೂ ಗಾಯವಾಗದಂತೆ ಕೊಯ್ಯಬಹುದು. ಮೂರನೆಯದು ಮೊಂಡು ಮೂಗಿನ ಪುಟ್ಟ ಅಲಗು, ಹೋರಿಗರುಗಳ ಬೀಜ ತೆಗೆದು ಎತ್ತಾಗಿಸುವ ಕೆಲಸಕ್ಕೆ. ಎಣ್ಣೆಬಾವಿಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದಾಗ, ಊರಿಗೆ ಹೊರಟ ಅಮೆರಿಕನ್ ಮೇಲ್ವಿಚಾರಕನೊಬ್ಬ ಮೇಜಿನ ಖಾನೆ ಖಾಲಿ ಮಾಡುತ್ತ ಮೊದಲನೆಯದನ್ನು ನನ್ನ ಕೈಗಿಟ್ಟು ಹೋದ. ಉಡುಪಿಯ ಕಡಲ ದಂಡೆಯಲ್ಲಿ ಹುಟ್ಟಿ, ಮನೆಯಲ್ಲಿ ಒಂದು ಕರುವನ್ನೂ ಕಟ್ಟದ ಬ್ಯಾರಿ ಹುಡುಗ, ಒಂಟೆಗಳ ನಾಡಿನಲ್ಲಿ, ದನಗಾಹಿಯ ಚೂರಿ ಹೊತ್ತು ತಿರುಗತೊಡಗಿದ. ವಸ್ತುಗಳಿಗೂ ನಮ್ಮ ಹಾಗೆ ಹಣೆಬರಹವಿರುತ್ತದೆಯೇನೋ. ಯಾವುದಕ್ಕೋ ಹುಟ್ಟಿ, ಎಲ್ಲಿಗೋ ಬಂದು, ಸಿಕ್ಕ ಕೆಲಸವನ್ನು ಮಾಡಿಕೊಂಡಿರುತ್ತವೆ. ನಾನದರಲ್ಲಿ ರಟ್ಟಿನ ಪೆಟ್ಟಿಗೆ ಕೊಯ್ದೆ, ಕೇಬಲ್ ಸುಲಿದೆ, ಕಿತ್ತಳೆ ಬಿಡಿಸಿದೆ. ಒಂದು ಎರಡಾಯಿತು, ಎರಡು ಹಲವಾಯಿತು. ಊರಿಗೆ ಮರಳುವ ಅಮೆರಿಕನ್ನರ ಮನೆಸಾಮಾನು ಮಾರಾಟಗಳಲ್ಲಿ ಹುಡುಕುವುದು ನನ್ನ ಚಟವಾಯಿತು.

ಅಂಥ ಒಂದು ಮಾರಾಟದಲ್ಲೇ ಜಾಫರ್ ಭಾಯಿ ಸಿಕ್ಕಿದ್ದು. ಅವರು ಭಟ್ಕಳದವರು, ಪಕ್ಕದ ಪಟ್ಟಣ ಅಲ್ ಖೋಬರಿನಲ್ಲಿ ಬಟ್ಟೆಯಂಗಡಿ ಇಟ್ಟಿದ್ದರು, ನನಗಿಂತ ಕೆಲವು ವರ್ಷ ಹಿರಿಯರು. ಒಂದೇ ಚೂರಿಗೆ ಇಬ್ಬರೂ ಒಟ್ಟಿಗೆ ಕೈಚಾಚಿದ್ದೆವು. ಅವರ ಮನೆಮಾತು ನವಾಯತಿ ನನಗೆ ತಿಳಿಯದು, ನನ್ನ ಬ್ಯಾರಿ ಅವರಿಗೆ ತಿಳಿಯದು. ಜಗಳವಾಡಲು ಹೊರಟವರಿಗೆ ನಡುವೆ ಕನ್ನಡ ಸಿಕ್ಕಿತು, ಸಿಕ್ಕಿದ್ದೇ ಜಗಳ ಮರೆತುಹೋಯಿತು. ಅಂದಿನಿಂದ ಶುಕ್ರವಾರಗಳಂದು ಎರಡು ಸಂಸಾರಗಳೂ ಒಟ್ಟಿಗೆ ಉಣ್ಣುವುದು ರೂಢಿಯಾಯಿತು.

ಆದರೆ ಒಂದೇ ಹುಚ್ಚಿನ ನಮ್ಮಿಬ್ಬರ ನಡುವೆ ಎರಡು ಮತಗಳಿದ್ದವು. ನನ್ನದು ಹೊತ್ತು ತಿರುಗುವ ಮತ, ಅವರದು ಕಾಪಿಡುವ ಮತ. ಅವರ ಮನೆಯ ಗಾಜಿನ ಬೀರುವಿನಲ್ಲಿ ಹಸಿರು ಮಖಮಲ್ಲಿನ ಮೇಲೆ ಚೂರಿಗಳು ಮಲಗಿದ್ದವು. ಮೂಳೆಯ ಹಿಡಿಯವು, ಜಿಂಕೆಕೊಂಬಿನ ಹಿಡಿಯವು, ಹಳದಿ ಹಿಡಿಯವು. ಒಂದೂ ಒಂದು ಕಾಗದವನ್ನಾದರೂ ಕೊಯ್ದದ್ದಲ್ಲ. ಕೆಲವುಗಳ ಮೂರನೆಯ ಅಲಗನ್ನು ಅವರು ತೆರೆದೂ ನೋಡಿರಲಿಲ್ಲ. ಹಳೆಯ ಬಗೆಯ ಉಕ್ಕು, ಬೆರಳಿನ ಬೆವರು ತಾಗಿದರೂ ಕಲೆಗಟ್ಟುವಂಥದ್ದು ಎಂದು ಕರವಸ್ತ್ರದಲ್ಲೇ ಹಿಡಿಯುತ್ತಿದ್ದರು.

"ಕೊಯ್ಯದ ಚೂರಿ ಎಂತಕ್ಕೆ ಭಾಯಿ? ಅದು ಚೂರಿಯೇ ಅಲ್ಲ," ಎಂದು ನಾನು ಒಮ್ಮೆ ಕೆಣಕಿದೆ.

ಅವರು ನಗಲಿಲ್ಲ. "ನಾವು ಅಣ್ಣತಮ್ಮಂದಿರು ತುಂಬ ಜನ, ಹಮೀದ್. ನಾನು ಎಲ್ಲರಿಗಿಂತ ಕಿರಿಯವ. ಅಂಗಿ ನನ್ನ ಹತ್ರ ಬರುವಾಗ ಅದರ ಕಾಲರ್ ತಿರುಗಿಸಿ ಹೊಲಿದಾಗಿರ್ತಿತ್ತು. ಚಪ್ಪಲಿಯಲ್ಲಿ ಅಣ್ಣನ ಹೆಬ್ಬೆರಳಿನ ಗುಳಿ. ಪುಸ್ತಕದಲ್ಲಿ ಬೇರೆಯವರ ಹೆಸರು. ಹೊಸತು ಅಂದ್ರೆ ಎಂತ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ. ಒಂದಾದ್ರೂ ನನ್ನ ಕೈಯಲ್ಲಿ ಹೊಸತಾಗಿಯೇ ಉಳೀಲಿ ಅಂತ."

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ನಾವು ಇನ್ನೊಬ್ಬರ ಜಿಪುಣತನವೆಂದುಕೊಂಡದ್ದು ಎಷ್ಟೋ ಸಲ ಅವರ ಬಾಲ್ಯವಾಗಿರುತ್ತದೆ. ಗಾಜಿನ ಹಿಂದಿನ ಆ ಸಾಲು ನನಗೆ ಅಂದಿನಿಂದ ಬೇರೆ ತರಹ ಕಾಣತೊಡಗಿತು.

ಚಳಿಗಾಲ ಮುಗಿದ ಒಂದು ಶುಕ್ರವಾರ, ನಮಾಜು ಮುಗಿಸಿ, ದಮ್ಮಾಮಿನಿಂದ ಉತ್ತರಕ್ಕೆ ಜನವಿಲ್ಲದ ಒಂದು ಕಡಲಂಚಿಗೆ ಬುತ್ತಿ ಕಟ್ಟಿಕೊಂಡು ಹೋದೆವು. ನಫೀಸಾಳೂ ಜಾಫರ್ ಭಾಯಿಯ ಹೆಂಡತಿ ಖತೀಜಾ ಬಾಯಿಯೂ ದೂರದಲ್ಲಿ ಚಾಪೆ ಹಾಸಿ ಕುಳಿತರು. ಜಾಫರ್ ಭಾಯಿಗೆ ಅಂದು ಕಾಲು ನೆಲದ ಮೇಲಿರಲಿಲ್ಲ. ಬಹಳ ಕಾಲದಿಂದ ಹುಡುಕುತ್ತಿದ್ದ ಒಂದು ದೊಡ್ಡ ಸ್ಟಾಕ್‌ಮನ್, ಪೆಟ್ಟಿಗೆ ಸಮೇತ, ಮೇಣದ ಕಾಗದ ಕೂಡ ಬಿಚ್ಚದೆ, ಆ ಬೆಳಿಗ್ಗೆಯಷ್ಟೇ ಅವರ ಕೈಸೇರಿತ್ತು. ಜುಬ್ಬಾದ ಕಿಸೆಯಿಂದ ತೆಗೆದು ತೋರಿಸಿದರು. ನಸುಗೆಂಪು ಮೂಳೆಯ ಹಿಡಿ, ಕನ್ನಡಿಯಂಥ ಉಕ್ಕು. "ಕಣ್ಣಲ್ಲಿ ನೋಡು, ಉಗುರು ತಾಗಿಸ್ಬೇಡ," ಎಂದು ಮತ್ತೆ ಕಾಗದ ಸುತ್ತಿದರು.

ನಾನು ಚಡ್ಡಿಯಲ್ಲಿ ನೀರಿಗಿಳಿದೆ. ಕಡಲೂರಿನವನೆಂಬ ಜಂಬ ಬೇರೆ. ಅಲ್ಲೊಂದು ಮುರಿದ ಹಳೆಯ ಜೆಟ್ಟಿ ಇತ್ತು. ಅದರ ಕಂಬಗಳ ನಡುವೆ ಈಜುತ್ತ ಹೋಗಿ, ನಿಲ್ಲಲೆಂದು ಕಾಲೂರಿದಾಗ ಪಾದಕ್ಕೆ ಏನೋ ಮೆತ್ತಗಿನದು ಸುತ್ತಿಕೊಂಡಿತು. ಯಾರೋ ಬಿಟ್ಟುಹೋದ ನೈಲಾನ್ ಬಲೆ, ಕಂಬದ ಕಬ್ಬಿಣದ ಸರಳುಗಳಿಗೆ ಹೆಣೆದುಕೊಂಡಿತ್ತು. ಎಳೆದೆ, ಬಿಗಿಯಿತು. ಬಗ್ಗಿ ಕೈಯಲ್ಲಿ ಬಿಡಿಸಹೋದೆ, ಇನ್ನೊಂದು ಕಾಲೂ ಸಿಕ್ಕಿತು. ನೀರು ಎದೆಮಟ್ಟದಲ್ಲಿತ್ತು. ಗಾಬರಿಯಾಗಲಿಲ್ಲ; ಕೈ ತಾನಾಗಿ ಬಲತೊಡೆಗೆ ಹೋಯಿತು. ಅಲ್ಲಿ ಕಿಸೆಯಿರಲಿಲ್ಲ. ಪ್ಯಾಂಟು ದೂರದ ಚಾಪೆಯ ಬಳಿ ಮಡಚಿಟ್ಟಿತ್ತು, ನನ್ನ ಮತ, ನನ್ನ ವಾದ, ನನ್ನ ಚೂರಿ ಎಲ್ಲವೂ ಅದರೊಳಗೆ.

ಮತ್ತೆ ಬರಿಗೈಯಲ್ಲೇ ಬಹಳ ಹೊತ್ತು ಹೆಣಗಿದೆ. ಆಗ ಉಬ್ಬರ ಏರುತ್ತಿರುವುದು ಗಮನಕ್ಕೆ ಬಂತು. ನೀರು ಹೆಗಲಿಗೆ ಬಂದಿತ್ತು.

"ಜಾಫರ್ ಭಾಯಿ! ಕಾಲು ಬಲೆಗೆ ಸಿಕ್ಕಿದೆ! ಚಾಪೆ ಹತ್ರ ನನ್ನ ಪ್ಯಾಂಟ್ ಉಂಟು, ಚೂರಿ ತನ್ನಿ!"

ಅವರು ಜೆಟ್ಟಿಯ ಬುಡದಲ್ಲಿದ್ದರು. ಚಾಪೆಯ ಕಡೆ ಒಮ್ಮೆ ನೋಡಿದರು. ಮರಳಿನ ಮೇಲೆ ಓಡಿ ಹೋಗಿಬರುವಷ್ಟು ದೂರ. ನನ್ನ ಕಡೆ ನೋಡಿದರು. ಅಲೆಯೊಂದು ನನ್ನ ಬಾಯಿ ಮುಚ್ಚಿ ಇಳಿಯಿತು. ಮತ್ತೆ ಕಣ್ಣು ಬಿಟ್ಟಾಗ ಮೇಣದ ಕಾಗದ ಗಾಳಿಯಲ್ಲಿ ಹಾರುತ್ತಿತ್ತು, ಜುಬ್ಬಾ ಸಮೇತ ಜಾಫರ್ ಭಾಯಿ ನೀರಿನಲ್ಲಿದ್ದರು.

"ಅಲುಗಾಡ್ಬೇಡ. ಗೊರಸಿನ ಅಲಗಲ್ಲೇ ಕೊಯ್ತೇನೆ, ಕಾಲಿಗೆ ತಾಗೂದಿಲ್ಲ," ಎಂದವರೇ ಮುಳುಗಿದರು.

ಕತ್ತು ಮೇಲೆತ್ತಿ, ಮೂಗನ್ನು ಆಕಾಶಕ್ಕೆ ಹಿಡಿದು ನಾನು ನಿಂತಿದ್ದೆ. ಕೆಳಗೆ ಕಣಕಾಲಿನ ಮೇಲೆ ತಣ್ಣನೆಯ ಉಕ್ಕು ಸರಿಯುವುದು, ಬಿಗಿದ ದಾರವೊಂದು ಪಟ್ಟನೆ ಸಡಿಲುವುದು, ಮತ್ತೆ ಇನ್ನೊಂದು. ಅವರು ಉಸಿರಿಗಾಗಿ ಮೇಲೆ ಬರುವರು, ಮತ್ತೆ ಮುಳುಗುವರು. ಸಾಯುವ ಹೊತ್ತಿಗೆ ಜೀವನವೆಲ್ಲ ಕಣ್ಣೆದುರು ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ನಫೀಸಾಳ ಬೆನ್ನು ಮಾತ್ರ. ದೂರದಲ್ಲಿ, ಗಾಳಿಗೆ ನನ್ನ ಕೂಗು ಕೇಳಿಸದೆ, ನಮ್ಮ ಕಡೆ ತಿರುಗದೆ, ಖತೀಜಾ ಬಾಯಿಯೊಡನೆ ಏನೋ ಹೇಳಿ ನಗುತ್ತಿದ್ದಳು. ಆ ನಗು ನಿಲ್ಲದಿರಲಿ ಎಂದುಕೊಂಡೆ. ಎರಡನೆಯ ಕಾಲು ಬಿಡುಗಡೆಯಾದಾಗ ನಾನು ನೀರನ್ನು ಉಸಿರಾಡತೊಡಗಿದ್ದೆ.

ಮರಳಿನ ಮೇಲೆ ಬಿದ್ದು ಕೆಮ್ಮಿ ಕೆಮ್ಮಿ ಸಾಕಾದ ಮೇಲೆ ಕಣ್ಣು ಬಿಟ್ಟೆ. ಜಾಫರ್ ಭಾಯಿ ಮೊಣಕಾಲೂರಿ ಕುಳಿತಿದ್ದರು. ಕೈಯಲ್ಲಿ ತೆರೆದ ಚೂರಿ. ಕೀಲುಗಳಲ್ಲೆಲ್ಲ ಮರಳು, ಮೂಳೆಯ ಹಿಡಿಯ ಮೇಲೆ ಸರಳು ಉಜ್ಜಿದ ಉದ್ದನೆಯ ಗೀರು, ಕನ್ನಡಿಯಂಥ ಅಲಗಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವರು ನನ್ನ ಕಣಕಾಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ತಾಗ್ಲಿಲ್ಲ ಅಲ್ವಾ?" ಎಂದರು. "ತಾಗ್ಲಿಲ್ಲ ಅಲ್ವಾ ಮಾರಾಯ?"

ಆ ಚೂರಿಯನ್ನು ನಾನು ಕೇಳಿ ಮನೆಗೆ ತಂದೆ. ಸಿಹಿನೀರಿನಲ್ಲಿ ತೊಳೆದೆ, ಎಣ್ಣೆ ಬಿಟ್ಟೆ, ನಯವಾದ ಮರಳುಕಾಗದದಿಂದ ಉಜ್ಜಿದೆ. ಉಪ್ಪು ತನ್ನ ಕೆಲಸ ಮುಗಿಸಿಯಾಗಿತ್ತು. ಅಲಗಿನ ಮೇಲೆ ಕಪ್ಪು ಚುಕ್ಕೆಗಳು ಎದ್ದಿದ್ದವು, ಎಷ್ಟು ಉಜ್ಜಿದರೂ ಹೋಗದಂಥವು. ಮುಂದಿನ ಶುಕ್ರವಾರ ಅವರ ಮನೆಗೆ ಒಯ್ದು ಮುಂದಿಟ್ಟೆ. ಅದರ ಬದಲಿಗೆ ನನ್ನ ಸಂಗ್ರಹದಲ್ಲಿ ಯಾವುದು ಬೇಕಾದರೂ ತೆಗೆದುಕೊಳ್ಳಿ ಎಂದೆ.

ಜಾಫರ್ ಭಾಯಿ ಅದನ್ನು ಬರಿಗೈಯಲ್ಲಿ ತೆಗೆದುಕೊಂಡರು, ಕರವಸ್ತ್ರ ಹುಡುಕಲಿಲ್ಲ. ಕಪ್ಪು ಚುಕ್ಕೆಗಳ ಮೇಲೆ ಹೆಬ್ಬೆರಳಾಡಿಸಿದರು. "ಸಣ್ಣದಿರುವಾಗ ನನ್ನ ಹತ್ರ ಬಂದದ್ದಕ್ಕೆಲ್ಲ ಬೇರೆಯವರ ಗುರುತು ಇರ್ತಿತ್ತು," ಎಂದರು ನಿಧಾನವಾಗಿ. "ಇದರ ಗುರುತು ನಂದೇ ಅಲ್ವಾ?" ಆಮೇಲೆ ಅದನ್ನು ಬೀರುವಿನ ಕಡೆ ಒಯ್ಯದೆ, ಜುಬ್ಬಾದ ಕಿಸೆಗೆ ಇಳಿಬಿಟ್ಟರು. ಆ ಭಾರಕ್ಕೆ ಜುಬ್ಬಾ ಒಂದು ಬದಿಗೆ ಜಗ್ಗಿತು. ಅವರು ಅದನ್ನು ಸರಿಪಡಿಸಿಕೊಳ್ಳಲಿಲ್ಲ.

ಹೊಸತನ ಎನ್ನುವುದು ವಸ್ತುವಿನಲ್ಲಿರುತ್ತದೆಯೋ ಅದನ್ನು ಮೊದಲ ಸಲ ತೆರೆಯುವ ಕೈಯಲ್ಲಿರುತ್ತದೆಯೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕಾಪಿಟ್ಟವರಿಗೆ ಕಾಪಿಟ್ಟದ್ದರ ಬೆಲೆ ಗೊತ್ತು, ಹೊತ್ತು ತಿರುಗಿದವರಿಗೆ ಸವೆತದ ಸುಖ ಗೊತ್ತು. ಆ ದಿನ ನಾವಿಬ್ಬರೂ ಒಬ್ಬರ ಪಾಠವನ್ನು ಇನ್ನೊಬ್ಬರು ಓದಿದ್ದೆವು. ನಾನೂ ಬದಲಾದೆ. ಕಿಸೆಯಲ್ಲಿ ಚೂರಿ ಇರುವವನಿಗೆ ಜನ ಬೇಡ ಎಂಬಂತೆ ಅದುವರೆಗೆ ನಡೆಯುತ್ತಿದ್ದ ನನ್ನ ನಡಿಗೆಗೆ ತುಸು ವಿನಯ ಬಂತು.

ಚೂರಿ ಮರಳಿಸಿದ ಆ ಶುಕ್ರವಾರ ಊಟಕ್ಕೆ ಕೂರುವ ಮುನ್ನ ಜಾಫರ್ ಭಾಯಿ ಬೀರುವಿನ ಬೀಗ ತೆಗೆದರು. ಹಳದಿ ಹಿಡಿಯ ಒಂದನ್ನು ಆರಿಸಿ, ಅಡುಗೆಮನೆಯ ಪರದೆಯ ಸಂದಿನಿಂದ ಒಳಗೆ ಚಾಚಿದರು. ಒಳಗೆ ಖತೀಜಾ ಬಾಯಿಯೂ ನಫೀಸಾಳೂ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಅಲಗು ತೆರೆದುಕೊಂಡ ಖಟ್ ಎಂಬ ಸದ್ದು, ಆಮೇಲೆ ಹಲಗೆಯ ಮೇಲೆ ಸರಸರನೆ ಈರುಳ್ಳಿ.

ಪರದೆಯಾಚೆಯಿಂದ ಖತೀಜಾ ಬಾಯಿಯ ದನಿ ಬಂತು: "ನೋಡಿ ನಫೀಸಾ, ಇಷ್ಟು ವರ್ಷ ಇಂಥ ಚೂರಿ ಮನೆಯಲ್ಲಿ ಇಟ್ಕೊಂಡು, ನನ್ನನ್ನು ಆ ಮೊಂಡು ಕತ್ತಿಯಲ್ಲಿ ಅಳಿಸಿದ್ದಾರೆ ಈ ಮನುಷ್ಯ!"