ನೋಡದೆ ಅಳಿಸುವ ಅಕ್ಕ

ಬೆಳಿಗ್ಗೆ ಆರೂಕಾಲು. ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ಕೋಣೆ ಇನ್ನೂ ಆಕಳಿಸುತ್ತಿದೆ. ಅಟೆಂಡರ್ ಅಕ್ಕ ಪೊರಕೆ ಮುಟ್ಟುವ ಮೊದಲೇ ಕೈಗೆತ್ತಿಕೊಳ್ಳುವುದು ಹಳೇ ಕ್ಯಾಲೆಂಡರಿನ ರಟ್ಟನ್ನು. ಅದರ ಬಲಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಕಿಂಡಿ ಕತ್ತರಿಸಿದೆ. ನಾಲ್ಕನೇ ಕಂಪ್ಯೂಟರಿನಲ್ಲಿ ನಿನ್ನೆ ಕೂತವರ ಇಮೇಲ್ ಹಾಗೇ ತೆರೆದುಕೊಳ್ಳುತ್ತದೆ. ಅಕ್ಕ ಸರ್ರನೆ ರಟ್ಟು ಅಡ್ಡ ಹಿಡಿಯುತ್ತಾರೆ. ಕಿಂಡಿಯಲ್ಲಿ ಕಾಣುವುದು ಲಾಗೌಟ್ ಗುಂಡಿ ಇರುವ ಮೂಲೆಯಷ್ಟೆ. ಒತ್ತಿ, ಹಿಸ್ಟರಿ ಅಳಿಸಿ, ಮುಂದಿನ ಕುರ್ಚಿಗೆ ಸರಿಯುತ್ತಾರೆ.

"ನಿಮ್ದೇ ಅದು. ನಿನ್ನೆ ನೀವೇ ಕೂತಿದ್ರಿ ಅಲ್ಲಿ" ಎನ್ನುತ್ತಾರೆ, ನನ್ನ ಕಡೆ ತಿರುಗದೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಾಗಿಲು ತೆರೆಯುವ ಮೊದಲೇ ಬಂದಿರುವ, ಊರಿಗೆಲ್ಲ ಬುದ್ಧಿ ಹೇಳಿ ಬರೆಯುವ ನನ್ನ ಮುಖ ಹುಳ್ಳಗಾಗುತ್ತದೆ.

ಕೋಣೆಯಲ್ಲಿರುವುದು ಹನ್ನೊಂದು ಕಂಪ್ಯೂಟರ್. ದಿನಕ್ಕೆ ಎಪ್ಪತ್ತರ ಆಸುಪಾಸು ಜನ ಬರುತ್ತಾರೆ. ಅವರಲ್ಲಿ ಹದಿನೈದು ಮಂದಿಯಾದರೂ ತಮ್ಮ ಖಾತೆಯನ್ನು ಬಾಯಿ ತೆರೆದಿಟ್ಟು ಎದ್ದು ಹೋಗುತ್ತಾರೆ. ರಕ್ತಪರೀಕ್ಷೆಯ ವರದಿ, ವಿಚ್ಛೇದನದ ಅರ್ಜಿ, ಮಗುವಿನ ಜನನ ಪತ್ರ ಎಲ್ಲವೂ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಪಾಸ್‌ವರ್ಡ್ ಉಳಿಸಲೇ ಎಂದು ಯಂತ್ರ ಕೇಳಿದರೆ, ಮನೆಗೆ ಬಂದ ನೆಂಟರಿಗೆ ಹೂಂ ಅನ್ನುವಂತೆ ಹೂಂ ಅಂದುಬಿಡುತ್ತಾರೆ.

"ಪ್ರೈವೇಟ್ ವಿಂಡೋದಲ್ಲಿ ಕೂತಿದ್ದೆ, ಯಾರಿಗೂ ಗೊತ್ತಾಗಲ್ಲ ಅಂತಾರೆ. ಈ ಮಿಷನ್‌ನಲ್ಲಿ ಗುರುತು ಉಳಿಯಲ್ಲ ಅಷ್ಟೇ, ನೀವು ಹೋಗಿಬಂದ ವೆಬ್‌ಸೈಟ್‌ನವರಿಗೆ ಗೊತ್ತಾಗತ್ತೆ ಕಣ್ರೀ ಅಂತೀನಿ. ಕೇಳಿಸ್ಕೊಂಡ್ರೆ ತಾನೆ!"

ಈ ಕೆಲಸವನ್ನು ಅಕ್ಕನಿಗೆ ಯಾರೂ ಒಪ್ಪಿಸಿಲ್ಲ. ಧೂಳು ಹೊಡೆಯುವುದು, ಪ್ರಿಂಟರಿಗೆ ಕಾಗದ ತುಂಬುವುದು, ಇಷ್ಟೇ ಅವರ ನೌಕರಿ. ಹಾಗಾದರೆ ಈ ರಟ್ಟಿನ ಉಸಾಬರಿ ಯಾಕೆ ಎಂದರೆ ಒರೆಸುವ ಬಟ್ಟೆ ಹಿಂಡಿ ಬಕೀಟಿನ ಅಂಚಿಗೆ ಹಾಕುತ್ತಾರೆ. ಆಮೇಲೆ ತಾವಾಗಿಯೇ ಹೇಳುತ್ತಾರೆ.

"ನಂಗೊಬ್ಳು ತಂಗಿ. ಆರು ವರ್ಷದ ಹಿಂದೆ ಅವಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ತೆಗೆದು ಮೆಸೇಜ್ ಎಲ್ಲ ಓದ್ದೆ. ಒಬ್ಬ ಹುಡುಗನ ಜೊತೆ ಮಾತಾಡಿದ್ಲು. ಅಪ್ಪನ ಮುಂದೆ ಹಿಡಿದೆ. ಅವಳ ಒಳ್ಳೇದಕ್ಕೇ ಅನ್ಕೊಂಡೆ. ಅಪ್ಪ ಒಂದೊಂದಾಗಿ ಗಟ್ಟಿಯಾಗಿ ಓದಿದ್ರು, ಅವಳನ್ನ ನಿಲ್ಲಿಸ್ಕೊಂಡು. ಮಾರನೇ ದಿನ ಮಂಚದ ಮೇಲೆ ಮೊಬೈಲ್ ಇತ್ತು, ಅವಳಿರ್ಲಿಲ್ಲ."

ಅಂದಿನಿಂದ ಅಕ್ಕನಿಗೆ ತಂಗಿಯ ವಿಳಾಸ ಗೊತ್ತಿಲ್ಲ. ಅಪ್ಪ ತೀರಿಕೊಂಡ ಸುದ್ದಿಯನ್ನೂ ತಲುಪಿಸಲಾಗಲಿಲ್ಲ. ಬೀದಿಯಲ್ಲಿ ತಂಗಿಯದೇ ನಡಿಗೆಯವರು ಕಂಡರೆ ಈಗಲೂ ಎರಡು ತಿರುವಿನವರೆಗೆ ಅವರ ಹಿಂದೆಯೇ ಹೋಗುವುದುಂಟಂತೆ.

ಹೋದ ತಿಂಗಳು ತಂಗಿಯ ಶಾಲೆಯ ಗೆಳತಿ ಏಳನೇ ಕಂಪ್ಯೂಟರಿನಲ್ಲಿ ಕೂತು, ಇಮೇಲ್ ಮುಚ್ಚದೆ ಎದ್ದು ಹೋಗಿದ್ದಾಳೆ. ಬೆಳಿಗ್ಗೆ ರಟ್ಟು ಹಿಡಿಯುವಷ್ಟರಲ್ಲಿ ಮೊದಲ ಸಾಲಿನಲ್ಲೇ ತಂಗಿಯ ಹೆಸರು ಕಂಡಿದೆ. ಒಂದು ಕ್ಲಿಕ್ ಸಾಕಿತ್ತು.

"ಎಷ್ಟು ಹೊತ್ತು ಹಾಗೇ ಇದ್ರಿ?" ಕೇಳುತ್ತೇನೆ.

"ಸ್ಕ್ರೀನ್ ತಾನಾಗೇ ಕಪ್ಪಾಗೋವರೆಗೂ. ಕೈ ಮೌಸ್ ಮೇಲೇ ಇತ್ತು. ಮತ್ತೆ ಬೆಳಕು ಬಂದಾಗ ರಟ್ಟು ಹಿಡಿದು ಲಾಗೌಟ್ ಮಾಡ್ದೆ. ಮನೆಗೆ ಹೋಗಿ ಅತ್ಬಿಟ್ಟೆ, ಸುಳ್ಳ್ಯಾಕೆ ಹೇಳ್ಲಿ."

ಎರಡು ದಿನದ ಮೇಲೆ ಗೆಳತಿ ಬಂದಾಗ, ಹೆಸರು ಕಂಡದ್ದನ್ನೂ ತೆರೆಯದೇ ಬಿಟ್ಟದ್ದನ್ನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅಪ್ಪ ಹೋದ ವಿಷಯ ತಿಳಿಸು, ಅವಳಿಗೆ ಮನಸ್ಸಿದ್ದರೆ ಮಾತ್ರ ನನ್ನ ನಂಬರ್ ಕೊಡು ಎಂದು ಬೇಡಿಕೊಂಡಿದ್ದಾರೆ. ಹೋದ ವಾರ ಗೆಳತಿಯ ಮೂಲಕ ತಂಗಿಯ ಉತ್ತರ ಬಂದಿದೆ. ಅದರಲ್ಲಿ ವಿಳಾಸವಿಲ್ಲ, ಫೋನ್ ನಂಬರೂ ಇಲ್ಲ. ಇದ್ದದ್ದು ಒಂದೇ ಪ್ರಶ್ನೆ: ಅಕ್ಕ ನಿಜವಾಗ್ಲೂ ತೆಗೆದು ಓದ್ಲಿಲ್ವಾ?

"ಇಲ್ಲ ಅಂತ ಹೇಳಿ ಕಳ್ಸಿದೀನಿ" ಎನ್ನುತ್ತಾರೆ ಅಕ್ಕ, ಹನ್ನೊಂದನೇ ಕಂಪ್ಯೂಟರಿನ ಕೀಲಿಮಣೆ ಒರೆಸುತ್ತಾ. ಹೊರಗೆ ಆಗಲೇ ನಾಲ್ಕು ಜನ ಸಾಲು ನಿಂತಿದ್ದಾರೆ. "ನಂಬಿದ್ಲೋ ಬಿಟ್ಲೋ ಗೊತ್ತಿಲ್ಲ. ಬರ್ಲಿ ಅಂತ ಆಸೆ ಇದೆ, ಆಸೆ ಇಲ್ಲ ಅಂದ್ರೆ ಸುಳ್ಳಾಗತ್ತೆ. ಬಂದ್ರೆ ಎಲ್ಲಿದ್ದೆ, ಯಾರ ಜೊತೆ ಇದ್ದೆ ಅಂತ ಒಂದು ಮಾತೂ ಕೇಳಲ್ಲ. ಊಟ ಆಯ್ತಾ ಅಂತ ಕೇಳ್ತೀನಿ."