ದೂರ ಇರುವವರ ಪಾಲು

ಮೊನ್ನೆ ಹೂವಿನಂಗಡಿಯ ಬಕೆಟ್ಟಿನಲ್ಲಿ ಹಸಿರು ಗೋಧಿ ತೆನೆಗಳ ಕಟ್ಟು ಇತ್ತು. ಹೂದಾನಿಯಲ್ಲಿಡಲು ಇಲ್ಲಿನವರು ಕೊಳ್ಳುತ್ತಾರೆ. ಬಗ್ಗಿ ಮೂಸಿದೆ. ಹಸಿ ಹುಲ್ಲಿನ, ಸ್ವಲ್ಪ ಹಾಲಿನಂಥ ವಾಸನೆ. ನಾನು ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದಾಗ ಪಕ್ಕದ ಮನೆಯ ಆಂಟಿಯ ಅಡುಗೆಮನೆಯಲ್ಲಿ ಸೆಪ್ಟೆಂಬರ್ ಬಂದರೆ ಇದೇ ವಾಸನೆ ಇರುತ್ತಿತ್ತು...

ಅವರು ಮಂಗಳೂರು ಕಡೆಯ ಕ್ಯಾಥೊಲಿಕರು. ಗಂಡ ಕುವೈತ್‌ನ ಬಂದರಿನಲ್ಲಿ ಕ್ರೇನ್ ನಡೆಸಿದವರು. ಅಲ್ಲಿಂದ ಅಡಿಲೇಡ್‌ಗೆ ಬಂದಿದ್ದರು. ಮಗ ಪರ್ತ್‌ನಲ್ಲಿದ್ದ. ನನಗೆ ಪರಿಚಯವಾಗುವ ಹೊತ್ತಿಗೆ ಅಂಕಲ್‌ಗೆ ಮೈಯ ಶಕ್ತಿ ಒಂದೊಂದೇ ಕಡೆ ಉಡುಗುತ್ತಾ ಹೋಗುವ ನರದ ಕಾಯಿಲೆ ಬಂದಿತ್ತು. ಮೊದಲು ಕಾಲು, ಆಮೇಲೆ ಕೈ. ಮಾತು ತಡವರಿಸುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಅವರನ್ನು ಎತ್ತುವುದು, ತೊಳೆಯುವುದು, ಉಣಿಸುವುದು ಎಲ್ಲ ಆಂಟಿಯೇ. ಸುಸ್ತಾಗಿದೆ ಎಂದು ಅವರು ಹೇಳಿದ್ದನ್ನು ಕೇಳಿಲ್ಲ. ಚಹಾ ಸೋಸುತ್ತ ನಿಂತಲ್ಲೇ ಕಣ್ಣು ಮುಚ್ಚಿದ್ದನ್ನು ನೋಡಿದ್ದೇನೆ.

ಆಗ ನಾನು ಪತ್ರಿಕೆಗೆ ರಾಜ್ಯದ ಶಾಸನಸಭೆಯ ವರದಿ ಮಾಡುತ್ತಿದ್ದೆ. ಗುಣವಾಗದ ಕಾಯಿಲೆಯವರು ವೈದ್ಯರ ನೆರವಿನಿಂದ ಸಾಯಲು ಅವಕಾಶ ಕೊಡುವ ಮಸೂದೆ ಬರುತ್ತಿತ್ತು, ಬೀಳುತ್ತಿತ್ತು, ಮತ್ತೆ ಬರುತ್ತಿತ್ತು. ಎರಡೂ ಕಡೆಯವರ ಮಾತನ್ನು ಸಮವಾಗಿ ಬರೆಯುವುದು ನನ್ನ ಕೆಲಸ. ಬರೆದು ಬರೆದು ಆ ಪದಗಳು ಸವೆದುಹೋಗಿದ್ದವು.

ಒಂದು ಮಧ್ಯಾಹ್ನ ಅಂಕಲ್ ನನ್ನನ್ನು ಹತ್ತಿರ ಕರೆದು ಕೇಳಿದರು: “ಆ ಕಾನೂನು... ಈ ಸಲ ಪಾಸಾಗ್ತದಾ?”

“ಹೇಳಕ್ಕಾಗಲ್ಲ ಅಂಕಲ್. ಒಂದೆರಡು ವೋಟಿನ ಮೇಲಿದೆ. ಯಾಕೆ?”

“ಇವಳ ಬೆನ್ನು ನೋಡಿ.”

ಆಂಟಿ ಸಿಂಕಿನ ಬಳಿ ಇದ್ದರು. ನಲ್ಲಿ ನಿಲ್ಲಿಸಿದರು, ತಿರುಗಲಿಲ್ಲ. “ನನ್ನ ಬೆನ್ನು ಬಂದು ನಿಮ್ಮ ಹತ್ರ ಕಂಪ್ಲೇಂಟ್ ಕೊಟ್ಟಿತಾ?” ಎಂದರು. ಅಂಕಲ್ ನಕ್ಕರು. ಆಂಟಿ ನಗಲಿಲ್ಲ.

ನಾನು ಹೊರಟಾಗ ಆಂಟಿ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದರು: “ಮೆಷಿನ್ ಹಾಕಿ ಎಳೆಯುವುದು ಬೇಡ ಅಂತ ನಾವೇ ಡಾಕ್ಟರಿಗೆ ಹೇಳಿ ಆಗಿದೆ. ದೇವರು ಕರೆದಾಗ ಹೋಗ್ಲಿ, ಪಾದ್ರಿಯೂ ಸರಿ ಅಂದ್ರು. ನೋವಿಗೆ ಮದ್ದು ಉಂಟು. ಆದ್ರೆ ಇದು ನೋವಲ್ಲ. ತಾನು ಎಂತಕ್ಕೂ ಬೇಡ ಅಂತ ಇವರಿಗೆ ಆಗಿದೆ. ಅದಕ್ಕೆ ನಾನು ಎಂತ ಕೊಡ್ಲಿ ಮಾರಾಯ್ರೇ?”

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಮುಂದಿನ ವಾರ ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯಲ್ಲಿ ಅಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿ ಅರೆದು ತೆಂಗಿನ ಹಾಲಿಗೆ ಬೆರೆಸುತ್ತಾರೆ. ಮನೆಯ ಯಜಮಾನ ಅದನ್ನು ಎಲ್ಲರಿಗೂ ಹಂಚುತ್ತಾನೆ. ದೂರ ಇರುವವರಿಗೂ ಒಂದು ಪಾಲು. ಅಡಿಲೇಡ್‌ನಲ್ಲಿ ಭತ್ತ ಎಲ್ಲಿಂದ ಬರಬೇಕು? ನಗರದ ಉತ್ತರಕ್ಕಿರುವ ಹೊಲಗಳಿಂದ ಯಾರೋ ಗೋಧಿ ತೆನೆ ತಂದು ಚರ್ಚಿಗೆ ಕೊಡುತ್ತಿದ್ದರು. ಇಲ್ಲಿ ಅದು ವಸಂತ. ಕಾಳು ಇನ್ನೂ ಕಟ್ಟಿರುವುದಿಲ್ಲ. ಆಂಟಿ ಆ ಎಳೆ ತೆನೆಯನ್ನೇ ಅಂಗಡಿಯ ಅಕ್ಕಿಯ ಜೊತೆ ಅರೆದು ತೆಂಗಿನ ಹಾಲು, ಸಕ್ಕರೆ ಬೆರೆಸುತ್ತಿದ್ದರು.

ಈ ಸಲ ನೀನೇ ಹಂಚು, ಡ್ಯಾಡಿಗೆ ತೊಂದರೆ ಕೊಡಬೇಡ ಎಂದು ಮಗ ಫೋನಿನಲ್ಲಿ ಹೇಳಿದ್ದನಂತೆ. ಆಂಟಿ ಕೇಳಲಿಲ್ಲ. ಹಬ್ಬದ ದಿನ ನನ್ನನ್ನೂ ಕರೆದರು. ಬಟ್ಟಲನ್ನು ಅಂಕಲ್‌ರ ತೊಡೆಯ ಮೇಲಿಟ್ಟು, ಅವರ ಬೆರಳುಗಳ ನಡುವೆ ಚಮಚ ಸಿಕ್ಕಿಸಿ, ಮೇಲಿನಿಂದ ತಮ್ಮ ಮುಷ್ಟಿ ಬಿಗಿದರು. ಮೊದಲ ಚಮಚ ನನ್ನ ಅಂಗೈಗೆ ಬರುವ ಮೊದಲೇ ಚೆಲ್ಲಿತು.

“ಬಿಡು. ನೀನೇ ಕೊಡು,” ಎಂದರು ಅಂಕಲ್.

“ಚೆಲ್ಲಿದ್ರೆ ಒರೆಸುವ. ಕುವೈತ್‌ನಲ್ಲಿ ಕಂಟೇನರ್ ಬೀಳಿಸ್ಲಿಲ್ವಾ ನೀವು?”

“ಒಂದೂ ಬೀಳಿಸ್ಲಿಲ್ಲ,” ಅಂಕಲ್ ಸಿಟ್ಟಿನಿಂದ, ಸ್ಪಷ್ಟವಾಗಿ ಹೇಳಿದರು.

ಎರಡನೆಯ ಚಮಚ ಸರಿಯಾಗಿ ನನ್ನ ಅಂಗೈಗೆ ಬಂತು. ಆಮೇಲೆ ಆಂಟಿಗೆ. “ಮಗನದ್ದು?” ಎಂದು ಅಂಕಲ್ ಅವರೇ ನೆನಪಿಸಿದರು. ಸಣ್ಣ ಬಟ್ಟಲಿಗೆ ಅವನ ಪಾಲು ಬಿತ್ತು. ತೀರಿಕೊಂಡ ಹಿರಿಯರಿಗೂ ತೆಗೆದಿಡುತ್ತೀರಾ ಎಂದು ಕೇಳಿದೆ.

“ಇಲ್ಲ. ದೂರ ಇರುವವರಿಗೆ ಪಾಲು, ತೀರಿಕೊಂಡವರಿಗೆ ಪ್ರಾರ್ಥನೆ,” ಎಂದರು ಆಂಟಿ, ನೆಲ ಒರೆಸುತ್ತ.

ಆ ಸಲ ಮಸೂದೆ ಬಿತ್ತು. ನಾನೇ ಹೋಗಿ ತಿಳಿಸಿದೆ. ಅಂಕಲ್ “ಹೌದಾ” ಎಂದರು. ಸಮಾಧಾನವೋ ನಿರಾಸೆಯೋ, ನನಗೆ ತಿಳಿಯಲಿಲ್ಲ. ಆಮೇಲೆ ಆಂಟಿಯ ಕಡೆ ನೋಡಿ, “ಬರುವ ವರ್ಷ ಸಕ್ಕರೆ ಹಾಕ್ಬೇಡ. ಬೆಲ್ಲ ಹಾಕು,” ಎಂದರು. ಬರುವ ವರ್ಷದ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಆಂಟಿ ಮುಖ ತಿರುಗಿಸಿ ನಲ್ಲಿ ಬಿಟ್ಟರು.

ಮುಂದಿನ ಹಬ್ಬದವರೆಗೆ ಅಂಕಲ್ ಉಳಿಯಲಿಲ್ಲ. ಚಳಿಗಾಲದಲ್ಲಿ, ತಮ್ಮದೇ ಹಾಸಿಗೆಯಲ್ಲಿ, ಆಂಟಿ ಕೈ ಹಿಡಿದುಕೊಂಡಿರುವಾಗ ಹೋದರು. ಆಂಟಿ ಮನೆ ಖಾಲಿ ಮಾಡಿ ಮಗನ ಬಳಿ ಪರ್ತ್‌ಗೆ ಹೋದರು. ಆ ಕಾನೂನು ಮುಂದೊಂದು ದಿನ ಬಂತು; ಅದನ್ನೂ ಬರೆದೆ, ಎರಡೂ ಕಡೆಯವರ ಮಾತಿನೊಂದಿಗೆ. ಸೆಪ್ಟೆಂಬರ್‌ನಲ್ಲಿ ಆಂಟಿಯ ಫೋನ್ ಮಾತ್ರ ತಪ್ಪುತ್ತಿರಲಿಲ್ಲ. “ನಿಮ್ಮ ಪಾಲು ತೆಗೆದಿಟ್ಟಿದ್ದೇನೆ ಆಯ್ತಾ,” ಎನ್ನುತ್ತಿದ್ದರು...

ಈ ಸಲ ಚಳಿಗಾಲ ಮುಗಿಯುವ ಮೊದಲೇ ಫೋನ್ ಬಂತು. ಮಗನದು. ಅಮ್ಮ ಹೋದರು ಎಂದ.

ತೆನೆಯ ಕಟ್ಟನ್ನು ಕೊಂಡು ತಂದೆ. ಹೂವಿನಂಗಡಿಯದು, ತಿನ್ನಲಾಗದು, ಲೋಟದಲ್ಲಿ ನೀರು ಹಾಕಿ ಇಟ್ಟೆ. ಅಕ್ಕಿಯನ್ನಷ್ಟೇ ಅರೆದು ತೆಂಗಿನ ಹಾಲಿಗೆ ಬೆಲ್ಲ ಬೆರೆಸಿದೆ. ನನಗೆ ಅವರ ಪ್ರಾರ್ಥನೆ ಬರುವುದಿಲ್ಲ. ಸಣ್ಣ ಬಟ್ಟಲೊಂದರಲ್ಲಿ ಪಾಲು ತೆಗೆದಿಟ್ಟೆ.